ಇಪ್ಪತ್ತನೆಯ ಲೆವೆಲಿನ ವೀರರು

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದಿಂದ 1974ರಲ್ಲಿ, ಮರದ ಮೈಯಂತೆ ಕಾಣುವ ಪೆಟ್ಟಿಗೆಯೊಂದರಲ್ಲಿ ಮೂರು ತೆಳುವಾದ ಪುಸ್ತಿಕೆಗಳಾಗಿ, ಮೊದಲ ಮುದ್ರಣದಲ್ಲಿ ಸಾವಿರ ಪ್ರತಿಗಳಷ್ಟೇ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು, ಈ ಐದು ದಶಕಗಳಲ್ಲಿ ಜಗತ್ತಿನ ನಾನಾ ಭಾಗಗಳಿಗೆ ಹಬ್ಬಿ, ಇಂದು ಬೆಂಗಳೂರಿನಲ್ಲಿಯೂ ತನ್ನದೇ ಆದ ಗೆಳೆಯರ ಮಂಡಳಿಗಳನ್ನು ಕಟ್ಟಿಕೊಂಡಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ಆಟದಲ್ಲಿ ಆಟಗಾರರು ಒಬ್ಬರನ್ನೊಬ್ಬರು ಸೋಲಿಸುವುದಿಲ್ಲ. ಮೇಜಿನ ಸುತ್ತ ಕುಳಿತ ನಾಲ್ಕೈದು ಮಂದಿ ತಲಾ ಒಂದೊಂದು ಪಾತ್ರವನ್ನು ಧರಿಸಿ, ಡಂಜನ್ ಮಾಸ್ಟರ್ ಎನಿಸಿಕೊಳ್ಳುವ ಸೂತ್ರಧಾರನು ವರ್ಣಿಸಿದ ಲೋಕದಲ್ಲಿ ತಮ್ಮ ಪಾತ್ರ ಏನು ಮಾಡುವುದೆಂಬುದನ್ನು ಬಾಯಲ್ಲಿ ಹೇಳುತ್ತಾರೆ. ಫಲ ಸಂದಿಗ್ಧವಾದಲ್ಲಿ ಇಪ್ಪತ್ತು ಮುಖಗಳ ದಾಳವೊಂದು ಉರುಳಿ ತೀರ್ಪು ಕೊಡುತ್ತದೆ. ಹೀಗೆ ವಾರವಾರವೂ ಕೂಡಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಸುವ ಒಂದೇ ಕಥೆಗೆ ಕ್ಯಾಂಪೇನ್ ಎಂದು ಹೆಸರು.

ಕಥೆ ಮುಂದುವರಿದಂತೆಲ್ಲ ಪಾತ್ರಗಳು ಅನುಭವವನ್ನು ಗಳಿಸಿ ಲೆವೆಲಿನಿಂದ ಲೆವೆಲಿಗೆ ಏರುತ್ತವೆ. 2014ರಲ್ಲಿ ಪ್ರಕಟವಾದ ಐದನೆಯ ಆವೃತ್ತಿಯ ನಿಯಮಗಳ ಪ್ರಕಾರ ಇಂಥ ಲೆವೆಲುಗಳು ಇಪ್ಪತ್ತು. ಕೊನೆಯದನ್ನು ಮುಟ್ಟಲು ಬೇಕಾದ ಅನುಭವಾಂಕಗಳು 3,55,000. ಮೊದಲ ಲೆವೆಲಿನ ಯೋಧನಿಗೆ ಹತ್ತು ಹನ್ನೆರಡು ಹಿಟ್ ಪಾಯಿಂಟುಗಳಷ್ಟೇ ಆಯುಸ್ಸು. ಪೊದೆಯಲ್ಲಡಗಿದ ಗಾಬ್ಲಿನ್ ಒಂದರ ಎರಡು ಬಾಣಗಳು ಚೆನ್ನಾಗಿ ನಾಟಿದರೆ ಅವನು ನೆಲಕ್ಕುರುಳುತ್ತಾನೆ. ಅದೇ ಯೋಧನು ಇಪ್ಪತ್ತನೆಯ ಲೆವೆಲಿಗೆ ಬಂದಾಗ ಅವನ ಆಯುಸ್ಸು ಇನ್ನೂರರ ಸಮೀಪದಲ್ಲಿರುತ್ತದೆ, ಮತ್ತು ಅವನ ಪಕ್ಕದಲ್ಲಿ ನಿಂತ ಮಾಂತ್ರಿಕನು ಒಂದು ಮೈಲಿ ದೂರದವರೆಗೂ ಉಲ್ಕೆಗಳನ್ನು ಸುರಿಸಬಲ್ಲವನಾಗಿರುತ್ತಾನೆ. ಈ ಎರಡು ತುದಿಗಳ ನಡುವಿನ ಅಂತರವು ಬಲದ ಅಂತರ ಮಾತ್ರವೆಂದು ತಿಳಿದ ಸೂತ್ರಧಾರರು ಹನ್ನೆರಡು ಹದಿಮೂರನೆಯ ಲೆವೆಲಿನ ಹೊತ್ತಿಗೆ ದಾರಿ ಕಾಣದೆ ನಿಂತುಬಿಡುವುದುಂಟು. ಅಲ್ಲಿಂದ ಮುಂದೆ ಬೇರೆಯದೇ ಆದ ಒಂದು ಕಥಾಪ್ರಕಾರ ಆರಂಭವಾಗುತ್ತದೆಂಬುದೂ, ಅದಕ್ಕೆ ಬೇರೆಯ ಸಿದ್ಧತೆ ಬೇಕೆಂಬುದೂ ಅವರಿಗೆ ಯಾರೂ ಹೇಳಿರುವುದಿಲ್ಲ.

ಕೆಳಗಿನ ಲೆವೆಲುಗಳಲ್ಲಿ ಸೂತ್ರಧಾರನ ಕೆಲಸವು ಬಹುಮಟ್ಟಿಗೆ ಅಡೆತಡೆಗಳನ್ನು ಒಡ್ಡುವುದು. ದಾರಿಯಲ್ಲಿ ಕಮರಿ, ಕಮರಿಯಾಚೆ ಕೋಟೆ, ಕೋಟೆಗೆ ಬೀಗ, ಬೀಗದ ಕೈ ಕಳ್ಳನೊಬ್ಬನ ಸೊಂಟದಲ್ಲಿ; ಇವನ್ನು ಒಂದೊಂದಾಗಿ ದಾಟುವುದರಲ್ಲಿಯೇ ಆಟದ ಸೊಗಸು. ಆದರೆ ಐದನೆಯ ಲೆವೆಲಿನಲ್ಲಿ ಮಾಂತ್ರಿಕನಿಗೆ ಹಾರುವ ಮಂತ್ರ ದೊರೆಯುವುದರಿಂದ ಕಮರಿ ಕಮರಿಯಾಗಿ ಉಳಿಯುವುದಿಲ್ಲ. ಒಂಬತ್ತನೆಯದರಲ್ಲಿ ದೂರದರ್ಶನದ ಮಂತ್ರ ಬಂದು ಶತ್ರುವಿನ ಅಂತಃಪುರವೂ ಕಣ್ಣೆದುರಿಗೆ ತೆರೆಯುತ್ತದೆ. ಹದಿಮೂರನೆಯದರಲ್ಲಿ ಇಡೀ ತಂಡವನ್ನು ಕ್ಷಣಮಾತ್ರದಲ್ಲಿ ಸಾವಿರ ಗಾವುದಗಳಾಚೆಗೆ ಒಯ್ಯುವ ಸಾಮರ್ಥ್ಯವುಂಟಾಗಿ, ಪ್ರಯಾಣವೆಂಬ ಕಥಾವಸ್ತುವೇ ಇಲ್ಲವಾಗುತ್ತದೆ. ಕೊಲೆಯ ರಹಸ್ಯವೊಂದನ್ನು ಹೆಣೆದ ಸೂತ್ರಧಾರನ ಪಾಡನ್ನು ನೋಡಿರಿ. ಅವನು ಸಾಕ್ಷಿಗಳನ್ನು ಕಲ್ಪಿಸಿ, ಸುಳ್ಳು ಸುಳಿವುಗಳನ್ನು ಹರಡಿ, ವಾರವೆಲ್ಲ ಶ್ರಮಿಸಿ ಬಂದಿರುವಾಗ, ತಂಡದ ಪುರೋಹಿತನು ಶವದ ಬಳಿ ಕುಳಿತು ಮೃತನನ್ನೇ ಐದು ಪ್ರಶ್ನೆ ಕೇಳುವ ಮಂತ್ರವನ್ನು ಪ್ರಯೋಗಿಸಿದರೆ ಕಥೆ ಗಳಿಗೆಯಲ್ಲಿ ಮುಗಿಯಿತು. ಆ ಮಂತ್ರ ಫಲಿಸಬೇಕಾದರೆ ಶವಕ್ಕೆ ಬಾಯಿ ಇರತಕ್ಕದ್ದು ಎಂಬ ನಿಯಮವನ್ನು ಹಿಡಿದು, ಕೊಲೆಗಾರನು ದವಡೆಯನ್ನೇ ಕತ್ತರಿಸಿ ಒಯ್ದನೆಂದು ಹೇಳುವ ಚತುರರಿದ್ದಾರೆ. ಒಂದು ಸಲಕ್ಕೆ ಅದು ಒಪ್ಪುವ ಮಾತು. ಪ್ರತಿ ಶವಕ್ಕೂ ದವಡೆಯಿಲ್ಲದಿದ್ದರೆ ಆಟಗಾರನು ಕಷ್ಟಪಟ್ಟು ಸಂಪಾದಿಸಿದ ವಿದ್ಯೆಯನ್ನು ಸೂತ್ರಧಾರನು ಹಿಂಬಾಗಿಲಿನಿಂದ ಕಸಿದುಕೊಂಡಂತಾಗುತ್ತದೆ. ನನ್ನ ದೃಷ್ಟಿಯಲ್ಲಿ ಉನ್ನತ ಲೆವೆಲಿನ ಆಟವನ್ನು ಕೆಡಿಸುವ ದೋಷಗಳಲ್ಲಿ ಇದೇ ಮೊದಲನೆಯದು: ಮಂತ್ರ ನಡೆಯದ ಗೋಡೆಗಳು, ಹಾರಲು ಬಿಡದ ಗಾಳಿ, ದೃಷ್ಟಿಗೆ ಸಿಲುಕದ ಶತ್ರು ಎಂದು ಪದೇ ಪದೇ ಹೇಳಿ, ಇಪ್ಪತ್ತನೆಯ ಲೆವೆಲಿನವರನ್ನು ಮರಳಿ ಮೂರನೆಯ ಲೆವೆಲಿಗೆ ಇಳಿಸುವುದು.

ಈ ಉಪಾಯಕ್ಕೆ ಹಳೆಯ ಪರಂಪರೆಯೇ ಇದೆ. ಗೈಗ್ಯಾಕ್ಸರ ಮೇಜಿನಲ್ಲಿ ಆಡುತ್ತಿದ್ದ ನುರಿತ ಆಟಗಾರರ ಪಾತ್ರಗಳು, ಅವರ ಮಗ ಅರ್ನೆಸ್ಟನ ಟೆನ್ಸರ್ ಮತ್ತು ರಾಬ್ ಕುಂಟ್ಜ್ ಅವರ ರಾಬಿಲಾರ್ ಮೊದಲಾದವು, ಅಜೇಯವೆನಿಸಿಕೊಂಡಾಗ ಆ ಆಟಗಾರರನ್ನು ಪರೀಕ್ಷಿಸಲೆಂದು ಗೈಗ್ಯಾಕ್ಸ್ ರಚಿಸಿದ್ದು ‘ಟೂಂಬ್ ಆಫ್ ಹಾರರ್ಸ್’ ಎಂಬ ಸಮಾಧಿಯ ಸಾಹಸ. 1975ರಲ್ಲಿ ಒರಿಜಿನ್ಸ್ ಎಂಬ ಕ್ರೀಡಾಮೇಳದಲ್ಲಿ ಆಡಿಸಲ್ಪಟ್ಟು 1978ರಲ್ಲಿ ಅಚ್ಚಾದ ಆ ಸಾಹಸದಲ್ಲಿ ರಾಕ್ಷಸರು ಅತಿ ವಿರಳ. ಹಜಾರದ ಕೊನೆಯಲ್ಲಿ ಬಾಯಿ ತೆರೆದ ಹಸಿರು ಪಿಶಾಚಮುಖವೊಂದಿದೆ. ಬಾಯಿಯೊಳಗೆ ಬರಿಯ ಕತ್ತಲೆ. ದಾರಿಯೆಂದು ಭಾವಿಸಿ ಅದರೊಳಕ್ಕೆ ನುಸುಳಿದವನು ಎಷ್ಟನೆಯ ಲೆವೆಲಿನವನೇ ಆಗಲಿ, ದಾಳ ಉರುಳಿಸುವ ಅವಕಾಶವೂ ಇಲ್ಲದೆ ನಾಶವಾಗುತ್ತಾನೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಪಾತ್ರದ ಬಲವಲ್ಲ, ಆಟಗಾರನ ವಿವೇಕ. ಈ ಕಾರಣದಿಂದಲೇ ಅದು ಇಂದಿಗೂ ಚರ್ಚೆಯಲ್ಲಿ ಉಳಿದಿದೆ. ಆದರೂ ಅದು ಒಂದು ಪಂದ್ಯಕ್ಕೆ ಒಪ್ಪುವ ರಚನೆಯೇ ಹೊರತು ವರ್ಷಗಟ್ಟಲೆ ನಡೆಯುವ ಕಥೆಗೆ ಮಾದರಿಯಾಗಲಾರದು. ಸಮಾಧಿಯಿಂದ ಸಮಾಧಿಗೆ ನಡೆಯುವ ವೀರರಿಗೆ ಜಗತ್ತಿನೊಡನೆ ಸಂಬಂಧವೇ ಉಳಿಯುವುದಿಲ್ಲ.

ಇದಕ್ಕೆ ಎದುರಾದ ಇನ್ನೊಂದು ದಾರಿ ಎದುರಾಳಿಯ ಬಲವನ್ನು ಹೆಚ್ಚಿಸುತ್ತ ಹೋಗುವುದು. ಉದಾರಿಗಳಾದ ಸೂತ್ರಧಾರರು ಕೈತುಂಬ ನಿಧಿಗಳನ್ನೂ ಮಾಯಾಯುಧಗಳನ್ನೂ ಹಂಚಿ, ಪಾತ್ರಗಳು ನಲವತ್ತನೆಯ ಲೆವೆಲನ್ನೂ ದಾಟಿ ಬೆಳೆದ ಸುದ್ದಿಗಳು ಎಪ್ಪತ್ತರ ದಶಕದಲ್ಲೇ ಪ್ರಕಾಶಕರನ್ನು ಮುಟ್ಟಿದ್ದವು. 1976ರಲ್ಲಿ ನಾನಾ ಪುರಾಣಗಳ ದೇವತೆಗಳಿಗೆ ಬಲಾಬಲದ ಅಂಕಗಳನ್ನು ನಿಗದಿಮಾಡಿದ ಪುಸ್ತಕವೊಂದು ಹೊರಬಂದಾಗ, ದೇವತೆಗಳಿಗೇ ಇಷ್ಟು ಮಿತಿಯಿರುವಾಗ ಮನುಷ್ಯರನ್ನು ಅದಕ್ಕಿಂತ ಮೇಲೇರಿಸುವುದು ಎಷ್ಟು ಅಸಂಬದ್ಧವೆಂಬುದನ್ನು ತೋರಿಸುವುದೇ ಅದರ ಉದ್ದೇಶವೆಂದು ಮುನ್ನುಡಿಯಲ್ಲಿ ಸೂಚಿಸಲಾಗಿತ್ತು. ಪರಿಣಾಮವೇನೋ ಹಲವು ಮೇಜುಗಳಲ್ಲಿ ವಿಪರೀತವಾಯಿತು. ಅಂಕಗಳಿರುವುದನ್ನು ಕೊಲ್ಲಬಹುದೆಂದು ಭಾವಿಸಿದ ಆಟಗಾರರು ಸ್ವರ್ಗಕ್ಕೇ ದಾಳಿಯಿಟ್ಟರು. 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕದಲ್ಲಿಯೂ ಇಂದ್ರ, ಅಗ್ನಿ, ವರುಣ, ಯಮರು ಗ್ರೀಕ್ ಮತ್ತು ನಾರ್ಸ್ ದೇವತೆಗಳ ಸಾಲಿನಲ್ಲಿ ಹಿಟ್ ಪಾಯಿಂಟುಗಳ ಸಹಿತ ಕುಳಿತಿರುವುದನ್ನು ನಮ್ಮ ಓದುಗರು ಕಂಡರೆ ಅಚ್ಚರಿಪಟ್ಟಾರು. ಬಲವನ್ನು ಬಲದಿಂದ ಅಳೆಯುವ ಈ ಏಣಿಗೆ ಕೊನೆಯ ಮೆಟ್ಟಿಲೆಂಬುದಿಲ್ಲ. ಇಂದ್ರನನ್ನು ಸೋಲಿಸಿದವನ ಎದುರಿಗೆ ಮುಂದಿನ ವಾರ ಯಾರನ್ನು ನಿಲ್ಲಿಸುವುದು?

ಭಾರತದ ಕಥೆಯನ್ನು ಗಮಕಿಗಳ ಬಾಯಲ್ಲಿ ಕೇಳುತ್ತ ಬೆಳೆದ ನಮಗೆ ಈ ಸಮಸ್ಯೆ ಹೊಸದಾಗಿ ಕಾಣಬೇಕಾಗಿಲ್ಲ. ಆ ಕಥೆಯ ಪ್ರಧಾನ ಪಾತ್ರಗಳೆಲ್ಲ ಈ ಆಟದ ಭಾಷೆಯಲ್ಲಿ ಹೇಳುವುದಾದರೆ ಇಪ್ಪತ್ತನೆಯ ಲೆವೆಲಿನವರೇ. ಇಚ್ಛಾಮರಣಿಯಾದ ಭೀಷ್ಮನನ್ನು ಹೆಚ್ಚಿನ ಬಾಣಬಲವು ಕೆಡಹಲಿಲ್ಲ, ಶಿಖಂಡಿಯ ಮೇಲೆ ಶರವೆತ್ತೆನೆಂಬ ಅವನ ನಿಯಮವೇ ಕೆಡಹಿತು. ದ್ರೋಣನು ಪುತ್ರಮೋಹದಿಂದ ಶಸ್ತ್ರತ್ಯಾಗ ಮಾಡಿದನು. ಕರ್ಣನು ತನ್ನ ಮೈಗಂಟಿದ ಕವಚವನ್ನು ಬೇಡಿದವನಿಗೆ ಇಲ್ಲವೆನ್ನಲಾರದೆ ತಾನೇ ಸುಲಿದುಕೊಟ್ಟನು. ಯಾರು ಹೆಚ್ಚು ಬಲಶಾಲಿಯೆಂಬ ಪ್ರಶ್ನೆ ಅಲ್ಲಿ ಬಹು ಹಿಂದೆಯೇ ಇತ್ಯರ್ಥವಾಗಿದೆ. ಅವರನ್ನು ಕಟ್ಟಿಹಾಕಿದ್ದು ಅವರು ಕೊಟ್ಟ ಮಾತು, ಹೊತ್ತ ಋಣ, ಬಿಡಲಾರದ ನಂಟು. ಉನ್ನತ ಲೆವೆಲಿನ ಕ್ಯಾಂಪೇನನ್ನು ನಡೆಸಹೊರಟವನು ಮೊದಲು ಗ್ರಹಿಸಬೇಕಾದುದು ಇದನ್ನೇ ಎಂದು ನನ್ನ ದೃಢವಾದ ನಂಬಿಕೆ: ಈ ವೀರರು ಏನು ಮಾಡಬಲ್ಲರೆಂದು ಕೇಳುವ ಕಾಲ ಮುಗಿದಿದೆ, ಎಲ್ಲವನ್ನೂ ಮಾಡಬಲ್ಲವರಾಗಿರುವ ಇವರು ಯಾವುದನ್ನು ಮಾಡುವರು, ಯಾವುದನ್ನು ಬಿಡುವರು ಎಂಬುದರಲ್ಲಿಯೇ ಇನ್ನು ಮುಂದಿನ ಕಥೆಯೆಲ್ಲ ಇದೆ.

ಇದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವೊಂದಿದೆ. ಮ್ಯಾಥ್ಯೂ ಮರ್ಸರ್ ಸೂತ್ರಧಾರರಾಗಿ ನಟರ ಗುಂಪೊಂದು ಸಾರ್ವಜನಿಕರ ಮುಂದೆ ಆಡಿದ ‘ಕ್ರಿಟಿಕಲ್ ರೋಲ್’ ಕಾರ್ಯಕ್ರಮದ ಮೊದಲ ಕ್ಯಾಂಪೇನ್ 2015ರಿಂದ 2017ರವರೆಗೆ 115 ಕಂತುಗಳಲ್ಲಿ ಪ್ರಸಾರವಾಯಿತು. ಕಥೆಯ ಪೂರ್ವಾರ್ಧದಲ್ಲಿ ವೆಕ್ಸ್ ಎಂಬ ಪಾತ್ರವು ಸಮಾಧಿಯೊಂದರ ಯಂತ್ರಕ್ಕೆ ಸಿಕ್ಕಿ ಸತ್ತಾಗ, ಅವಳ ಅವಳಿ ಸೋದರನಾದ ವ್ಯಾಕ್ಸನು ರೇವನ್ ಕ್ವೀನ್ ಎಂಬ ಮೃತ್ಯುದೇವತೆಯ ಮುಂದೆ, ಅವಳ ಬದಲು ನನ್ನನ್ನು ತೆಗೆದುಕೋ ಎಂದು ತನ್ನನ್ನೇ ಒಪ್ಪಿಸಿಕೊಂಡನು. ಮರ್ಸರ್ ಆ ಮಾತನ್ನು ಆವೇಶದ ಗಳಿಗೆಯ ಉದ್ಗಾರವೆಂದು ಮರೆತುಬಿಡಲಿಲ್ಲ. ಕಥೆಯ ಕೊನೆಯವರೆಗೂ ಅದನ್ನು ಋಣವಾಗಿ ಉಳಿಸಿಕೊಂಡರು. ಮುಂದೆ ವ್ಯಾಕ್ಸನೇ ಸತ್ತು, ದೇವತ್ವಕ್ಕೇರುತ್ತಿದ್ದ ವೆಕ್ನಾ ಎಂಬ ಶತ್ರುವನ್ನು ಅಡಗಿಸುವವರೆಗೆ ಮಾತ್ರ ಭೂಮಿಯಲ್ಲಿರಲು ಆ ದೇವತೆಯಿಂದ ಅನುಮತಿ ಪಡೆದು ಮರಳಿದನು. ಗೆಳೆಯನಾದ ಸ್ಕ್ಯಾನ್ಲನ್ ಎಂಬ ಗಾಯಕನ ಬಳಿ ಒಂಬತ್ತನೆಯ ಶ್ರೇಣಿಯ ಶಕ್ತಿಯೊಂದು ಉಳಿದಿತ್ತು. ‘ವಿಶ್’ ಎಂಬ, ಬೇಡಿದುದನ್ನು ನಡೆಸಿಕೊಡುವ ಮಂತ್ರದಿಂದ ವ್ಯಾಕ್ಸನನ್ನು ಋಣಮುಕ್ತನನ್ನಾಗಿ ಮಾಡುವ ಸಂಕಲ್ಪ ಅವನದು. ಆದರೆ ಯುದ್ಧದ ನಿರ್ಣಾಯಕ ಕ್ಷಣದಲ್ಲಿ ವೆಕ್ನಾ ಮಾಯವಾಗಿ ತಪ್ಪಿಸಿಕೊಳ್ಳಲು ಮಂತ್ರವೆತ್ತಿದಾಗ, ಅದನ್ನು ತಡೆಯಲು ಸ್ಕ್ಯಾನ್ಲನ್ ಆ ಶಕ್ತಿಯನ್ನು ವ್ಯಯಮಾಡಿದನು. 2014ರ ನಿಯಮಗಳಲ್ಲಿ ಅಷ್ಟು ಮೇಲಿನ ಶ್ರೇಣಿಯಲ್ಲಿ ಪ್ರಯೋಗಿಸಿದ ಪ್ರತಿಮಂತ್ರಕ್ಕೆ ದಾಳದ ಅಗತ್ಯವಿರಲಿಲ್ಲ. ಅದು ಖಂಡಿತವಾಗಿ ಫಲಿಸುತ್ತಿತ್ತು. ಜಗತ್ತು ಉಳಿಯಿತು, ಗೆಳೆಯ ಉಳಿಯಲಿಲ್ಲ. ಪಾತ್ರವನ್ನು ಧರಿಸಿದ್ದ ಸ್ಯಾಮ್ ರೀಗಲ್ ಅವರ ಕಣ್ಣಲ್ಲಿ ನಿಜವಾದ ನೀರು ಬಂದಿತ್ತು. ಅದೃಷ್ಟಕ್ಕೆ ಎಡೆಯೇ ಇಲ್ಲದ ಆ ಒಂದು ನಡೆಯು ಮಹಾಯುದ್ಧದ ಅಷ್ಟೂ ದಾಳಗಳಿಗಿಂತ ಭಾರವಾಗಿತ್ತೆಂಬುದನ್ನು ನೋಡಿದವರೆಲ್ಲರೂ ಬಲ್ಲರು.

ಇಂಥ ಗಳಿಗೆಯನ್ನು ಸೂತ್ರಧಾರನು ಮುಂಚಿತವಾಗಿ ಬರೆದಿಡಲಾರನು. ಅದು ಒದಗಿಬರುವಂತೆ ನೆಲವನ್ನು ಹದಮಾಡಬಲ್ಲನು. ಅದಕ್ಕೆ ಬೇಕಾದ ಉಪಕರಣ ಒಂದು ಸಾಮಾನ್ಯವಾದ ನೋಟುಪುಸ್ತಕ. ಮೊದಲ ಲೆವೆಲಿನಿಂದಲೂ ಪಾತ್ರಗಳು ಯಾರನ್ನು ಉಳಿಸಿದವು, ಯಾರನ್ನು ಕೊಲ್ಲದೆ ಬಿಟ್ಟವು, ಯಾವ ಮಾತು ಕೊಟ್ಟವು, ಯಾವ ಸಾಲ ತೀರಿಸಲಿಲ್ಲ ಎಂಬುದನ್ನು ಪ್ರತಿ ಬೈಠಕ್ಕಿನ ಅನಂತರ ನಾಲ್ಕು ಸಾಲುಗಳಲ್ಲಿ ಬರೆದಿಟ್ಟುಕೊಂಡವನಿಗೆ ಹದಿನೈದನೆಯ ಲೆವೆಲಿನಲ್ಲಿ ಕಥಾವಸ್ತುವಿಗೆ ಬರವಿಲ್ಲ. ಕರುಣೆತೋರಿ ಬಿಟ್ಟುಕಳಿಸಿದ ಡಕಾಯಿತ ಹುಡುಗನು ಈಗ ಗಡಿನಾಡಿನ ದಂಡನಾಯಕ; ಯಾವುದೋ ಸುರಂಗದಿಂದ ತಂದು ಮಾರಿದ ರತ್ನಕ್ಕೆ ನಿಜವಾದ ಒಡೆಯರಿದ್ದರು; ಕಣಿವೆಯೊಂದರ ಡ್ರ್ಯಾಗನ್ ಸತ್ತಮೇಲೆ ಅದರ ಭಯದಿಂದ ಸುಮ್ಮನಿದ್ದ ಎರಡು ರಾಜ್ಯಗಳು ಆ ಕಣಿವೆಗಾಗಿ ಸೈನ್ಯ ಕೂಡಿಸುತ್ತಿವೆ, ಮತ್ತು ಎರಡು ರಾಜ್ಯಗಳ ದೂತರೂ ಒಂದೇ ಬೆಳಗ್ಗೆ ವೀರರ ಬಾಗಿಲಲ್ಲಿ ನಿಂತಿದ್ದಾರೆ. ಅವಿಭಕ್ತ ಕುಟುಂಬದ ಯಜಮಾನನಿಗೆ ದೂರುಗಳು ಹೇಗೆ ತಾವಾಗಿಯೇ ನಡೆದುಬರುವುವೋ ಹಾಗೆ, ಇಷ್ಟು ಎತ್ತರಕ್ಕೆ ಬೆಳೆದವರನ್ನು ಸಾಹಸವೇ ಹುಡುಕಿಕೊಂಡು ಬರುತ್ತದೆ. ಅವರು ಕ್ಷಣಮಾತ್ರದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಲ್ಲರು, ನಿಜ. ಆದರೆ ಒಂದೇ ಕ್ಷಣದಲ್ಲಿ ಎರಡು ಕಡೆ ಇರಲಾರರು. ಮುತ್ತಿಗೆಗೊಳಗಾದ ನಗರಗಳು ಎರಡಿದ್ದು ತಂಡ ಒಂದೇ ಇರುವಾಗ ಪ್ರಯಾಣದ ಮಂತ್ರವು ಸಮಸ್ಯೆಯನ್ನು ಬಗೆಹರಿಸುವುದಿಲ್ಲ, ಅದನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ದೂರವಾಗಿತ್ತು, ಬರಲಾಗಲಿಲ್ಲ ಎಂಬ ನೆಪ ಅವರಿಗಿನ್ನು ಉಳಿದಿಲ್ಲ.

ಮರಣದ ವಿಚಾರದಲ್ಲಿಯೂ ಹೀಗೆಯೇ. ಒಂಬತ್ತನೆಯ ಲೆವೆಲಿನ ಪುರೋಹಿತನು 500 ಚಿನ್ನದ ನಾಣ್ಯಗಳ ಬೆಲೆಯ ವಜ್ರವೊಂದನ್ನು ವ್ಯಯಮಾಡಿ, ಸತ್ತು ಹತ್ತು ದಿನ ಮೀರದವನನ್ನು ಬದುಕಿಸಬಲ್ಲನು. ಹದಿನೇಳನೆಯ ಲೆವೆಲಿನಲ್ಲಿ 25,000 ನಾಣ್ಯಗಳ ವಜ್ರಗಳಿದ್ದರೆ ಇನ್ನೂರು ವರ್ಷಗಳ ಹಿಂದೆ ತೀರಿಕೊಂಡವನೂ ಎದ್ದುಬರುತ್ತಾನೆ. ಸಾವಿಗೆ ಅಂಜಿಕೆಯೇ ಇಲ್ಲವಾದ ಮೇಲೆ ಆಟದಲ್ಲಿ ರಸವೆಲ್ಲಿ ಎಂದು ಕೊರಗುವವರು ನಿಯಮದ ಒಂದು ವಾಕ್ಯವನ್ನು ಅಲಕ್ಷಿಸುತ್ತಾರೆ: ಮರಳಿಬರಲು ಆ ಆತ್ಮಕ್ಕೆ ಇಚ್ಛೆಯಿರಬೇಕು. ಸತ್ತ ರಾಣಿಯು ಬರಲೊಲ್ಲೆನೆಂದರೆ? ವಂಚನೆಗೊಳಗಾಗಿ ಮಡಿದ ಹಳೆಯ ಸಂಗಾತಿಯು ಕರೆಯುತ್ತಿರುವವರು ಯಾರೆಂದು ತಿಳಿದೂ ಮೌನವಾಗಿದ್ದರೆ? ಊರಿನಲ್ಲೆಲ್ಲ ಪಿಡುಗು ಹರಡಿ ನೂರಾರು ತಾಯಂದಿರು ಪುರೋಹಿತನ ಮುಂದೆ ಕೈಜೋಡಿಸಿರುವಾಗ ಅವನ ಚೀಲದಲ್ಲಿರುವುದು ಎರಡೇ ವಜ್ರಗಳಾಗಿದ್ದರೆ? ಸಾವನ್ನು ಗೆದ್ದವನಿಗೆ ಸಾವಿನ ವಿಚಾರದಲ್ಲಿ ಬರುವ ಇಕ್ಕಟ್ಟು ಸಾಮಾನ್ಯರದಕ್ಕಿಂತ ದೊಡ್ಡದು, ಮತ್ತು ಅದನ್ನು ಮೇಜಿನ ಮೇಲೆ ತರಲು ಒಂದು ನಿಯಮವನ್ನೂ ತಿದ್ದಬೇಕಾಗಿಲ್ಲ.

ಹದಿನೇಳನೆಯ ಲೆವೆಲಿನಲ್ಲಿ ಮಾಂತ್ರಿಕನಿಗೆ ದೊರೆಯುವ ‘ವಿಶ್’ ಮಂತ್ರವನ್ನು ಕಂಡರೆ ಸೂತ್ರಧಾರರು ಬೆದರುತ್ತಾರೆ. ಹಿರಣ್ಯಕಶಿಪುವಿನ ವರದಲ್ಲಿ ಹೊಸ್ತಿಲಿನ ಸಂದು ಉಳಿದಂತೆ, ಭಸ್ಮಾಸುರನ ವರವು ಅವನ ತಲೆಯ ಮೇಲೇ ಬಂದಂತೆ, ಆಟಗಾರನ ಕೋರಿಕೆಯ ಮಾತುಗಳಲ್ಲಿ ಬಿರುಕು ಹುಡುಕಿ ಅದನ್ನು ಅವನ ವಿರುದ್ಧ ತಿರುಗಿಸುವ ಪದ್ಧತಿ ಬಹಳ ಹಿಂದಿನದು. ಪುರಾಣದಲ್ಲಿ ಅದು ಶೋಭಿಸುತ್ತದೆ, ಏಕೆಂದರೆ ಅಲ್ಲಿ ಬೇಡಿದವನು ಲೋಕಕಂಟಕ. ಆದರೆ ಸತ್ತ ಮಗುವೊಂದಕ್ಕಾಗಿ ಬೇಡಿದ ಸಜ್ಜನನ ಮಾತನ್ನು ವಕೀಲನಂತೆ ತಿರುಚುವ ಸೂತ್ರಧಾರನು ಆಟಗಾರರಿಗೆ ಕಲಿಸುವುದು ಒಂದೇ ಪಾಠ: ನನ್ನನ್ನು ನಂಬಬೇಡಿರಿ. ನಿಯಮಗ್ರಂಥವೇ ಉತ್ತಮವಾದ ದಾರಿಯನ್ನು ತೋರಿಸಿದೆ. ಗೊತ್ತಾದ ಸಾಮಾನ್ಯ ಫಲಗಳನ್ನು ಮೀರಿ ಬೇಡಿದವನು ಮುಂದೆಂದೂ ಆ ಮಂತ್ರವನ್ನು ಪ್ರಯೋಗಿಸಲಾರದಂತಾಗುವ ಸಂಭವವು ನೂರಕ್ಕೆ 33. ಈ ಬೆಲೆಯನ್ನು ಮುಂಚಿತವಾಗಿ, ಬಿಚ್ಚುಮಾತಿನಲ್ಲಿ ತಿಳಿಸಿ, ತೆರಲು ಸಿದ್ಧನಿದ್ದರೆ ಕೋರಿಕೆಯನ್ನು ಪೂರ್ಣವಾಗಿ ನಡೆಸಿಕೊಡುವುದೇ ಧರ್ಮ.

ಯುದ್ಧದ ತಾಂತ್ರಿಕ ವಿವರಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಐವರು ಮಹಾವೀರರ ಎದುರಿಗೆ ಒಂಟಿ ಶತ್ರುವನ್ನು ನಿಲ್ಲಿಸಿದರೆ ಅವನು ಒಂದೇ ಮಂತ್ರಕ್ಕೆ ಕಲ್ಲಾಗಿಹೋಗುವ ಅಪಾಯವುಂಟು. ಅದಕ್ಕಾಗಿಯೇ 2014ರ ನಿಯಮಗಳು 546 ಹಿಟ್ ಪಾಯಿಂಟುಗಳ ಪುರಾತನ ಕೆಂಪು ಡ್ರ್ಯಾಗನ್ನಿನಂಥ ಪ್ರಾಣಿಗಳಿಗೆ ದಿನಕ್ಕೆ ಮೂರು ಸಲ ವಿಫಲವಾದ ರಕ್ಷಣೆಯನ್ನು ಸಫಲವಾಗಿಸಿಕೊಳ್ಳುವ ಹಕ್ಕನ್ನೂ, ಇತರರ ಸರದಿಗಳ ಕೊನೆಯಲ್ಲಿ ಚಲಿಸುವ ಅವಕಾಶವನ್ನೂ ಕೊಟ್ಟಿದ್ದವು. ಉಲ್ಕಾವೃಷ್ಟಿಯ ಮಂತ್ರಕ್ಕೆ ಆರು ಮುಖದ ದಾಳಗಳು 40 ಬೇಕು. ಅವನ್ನು ಉರುಳಿಸಿ ಕೂಡಿಸುವಷ್ಟರಲ್ಲಿ ಉಳಿದವರ ಗಮನ ಚದುರುವುದಾದರೆ, ಎಲ್ಲರ ಸಮ್ಮತಿಯಿಂದ ಸರಾಸರಿಯಾದ 140ನ್ನು ಹೇಳಿ ಮುಂದೆ ಸಾಗಬಹುದು. ಇದಕ್ಕಿಂತ ಮುಖ್ಯವಾದುದು ವಿಶ್ರಾಂತಿಯ ನಿಯಂತ್ರಣ. ಒಂದು ದಿನದಲ್ಲಿ ಆರರಿಂದ ಎಂಟು ಸಂಘರ್ಷಗಳನ್ನು ಪಾತ್ರಗಳು ತಡೆದುಕೊಳ್ಳಬಲ್ಲವೆಂಬ ಅಂದಾಜಿನ ಮೇಲೆ 2014ರ ಗ್ರಂಥವು ರಚಿತವಾಗಿದೆ. ಒಂದೇ ಕಾಳಗದಲ್ಲಿ ಶಕ್ತಿಯನ್ನೆಲ್ಲ ಸುರಿದು ಮಲಗಲು ಬಿಟ್ಟರೆ ಯಾವ ಶತ್ರುವೂ ನಿಲ್ಲಲಾರನು. ಶತ್ರುವಿಗೂ ಒಂದು ಉದ್ದೇಶ, ಒಂದು ಗಡುವು ಇದ್ದು, ವೀರರು ಮಲಗಿದ್ದಾಗಲೂ ಅವನ ಕೆಲಸ ನಡೆಯುತ್ತಿದ್ದರೆ ಈ ತೊಡಕು ತಾನಾಗಿ ಬಿಡುತ್ತದೆ.

ಆಟದ ಆದಿಕಾಲದವರಿಗೆ ಈ ಎತ್ತರದ ಸ್ವರೂಪದ ಬಗ್ಗೆ ಸ್ಪಷ್ಟವಾದ ಕಲ್ಪನೆಯಿತ್ತು. 1978ರ ನಿಯಮಗಳಲ್ಲಿ ಒಂಬತ್ತನೆಯ ಲೆವೆಲಿನ ಯೋಧನು ಕೋಟೆ ಕಟ್ಟಿ, ಸುತ್ತಣ ಸೀಮೆಯನ್ನು ನಿಷ್ಕಂಟಕಗೊಳಿಸಿದರೆ ಸೈನಿಕರು ತಾವಾಗಿ ಬಂದು ಸೇರುತ್ತಿದ್ದರು. ಸೀಮೆಯ ಪ್ರತಿ ನಿವಾಸಿಯಿಂದ ತಿಂಗಳಿಗೆ ಏಳು ಬೆಳ್ಳಿಯ ನಾಣ್ಯಗಳ ಆದಾಯವೂ ನಿಗದಿಯಾಗಿತ್ತು. ಫ್ರಾಂಕ್ ಮೆಂಟ್ಜರ್ ಅವರು 1984ರಲ್ಲಿ ರಚಿಸಿದ ಕಂಪಾನಿಯನ್ ಸಂಪುಟವು 15ರಿಂದ 25ನೆಯ ಲೆವೆಲಿನವರಿಗೆ ರಾಜ್ಯಭಾರದ ನಿಯಮಗಳನ್ನೂ ಸೇನಾಯುದ್ಧದ ಲೆಕ್ಕವನ್ನೂ ಕೊಟ್ಟಿತು. 1985ರ ಮಾಸ್ಟರ್ ಸಂಪುಟವು 36ನೆಯವರೆಗೆ ಒಯ್ದು ಅಮರತ್ವದ ಸಾಧನಾಮಾರ್ಗಗಳನ್ನು ತೋರಿಸಿತು. ಗುಹೆಯಲ್ಲಿ ಆರಂಭಿಸಿದವನು ನಾಡಿನ ಹೊಣೆ ಹೊತ್ತು, ಕೊನೆಗೆ ಮರ್ತ್ಯವನ್ನೇ ದಾಟುವ ಈ ಕ್ರಮದಲ್ಲಿ ಒಂದು ಗಾಂಭೀರ್ಯವಿತ್ತು. ಅನಂತರದ ಆವೃತ್ತಿಗಳು ರಾಜ್ಯಭಾರವನ್ನು ಬದಿಗಿಟ್ಟು, ಇನ್ನಷ್ಟು ಘೋರವಾದ ಪ್ರಾಣಿಗಳನ್ನಷ್ಟೇ ಶಿಖರದಲ್ಲಿ ಉಳಿಸಿದ್ದು ನಷ್ಟವೆಂದೇ ನಾನು ಎಣಿಸುತ್ತೇನೆ. ಇಂದು ಅಚ್ಚಾಗಿ ದೊರೆಯುವ ದೊಡ್ಡ ಸಾಹಸಗಳಲ್ಲಿ ಹೆಚ್ಚಿನವು ಹತ್ತರಿಂದ ಹದಿನೈದರೊಳಗೇ ಮುಗಿಯುತ್ತವೆ. ಇದೇ ನಿಯಮಗಳನ್ನು ಅನುಸರಿಸಿ 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟವೂ ಹನ್ನೆರಡನೆಯ ಲೆವೆಲಿಗೇ ನಿಂತಿದೆ. ಅದಕ್ಕೆ ಕಾರಣ ತಿಳಿಯಾಗಿದೆ: ಆಟಗಾರನು ಎಲ್ಲಿಗೆ ಬೇಕಾದರೂ ಹೋಗಬಲ್ಲ, ಯಾರನ್ನು ಬೇಕಾದರೂ ಬದುಕಿಸಬಲ್ಲ ಕಥೆಯನ್ನು ದೂರದ ಲೇಖಕನು ಮುಂಚಿತವಾಗಿ ಬರೆಯಲಾರನು. ಅದನ್ನು ಬರೆಯಬಲ್ಲವನು ಆ ಮೇಜಿನಲ್ಲಿ ಕುಳಿತವನೊಬ್ಬನೇ.

ಕೊನೆಗೊಳಿಸುವುದನ್ನೂ ಅವನೇ ಅರಿತಿರಬೇಕು. ವರ್ಗಾವಣೆ, ಮದುವೆ, ಮಕ್ಕಳು, ಊರು ಬಿಟ್ಟುಹೋಗುವುದು ಇವುಗಳಿಂದ ಚದುರಿ, ಮುಗಿಯದೆಯೇ ನಿಂತುಹೋಗುವ ಕ್ಯಾಂಪೇನುಗಳನ್ನು ಈ ಆಟವಾಡುವ ಪ್ರತಿಯೊಬ್ಬರೂ ಕಂಡಿದ್ದಾರೆ. ಆದುದರಿಂದ ಶಿಖರ ಸಮೀಪಿಸಿದಾಗ, ಇನ್ನು ಇಷ್ಟು ಬೈಠಕ್ಕುಗಳಲ್ಲಿ ಮುಗಿಸೋಣವೆಂದು ಎಲ್ಲರೂ ಕೂಡಿ ನಿಶ್ಚಯಿಸಿ, ಕೊನೆಯ ದಿನ ಯುದ್ಧವನ್ನು ಬೇಗನೆ ತೀರಿಸಿ, ಪ್ರತಿ ಆಟಗಾರನೂ ತನ್ನ ಪಾತ್ರದ ಉತ್ತರಜೀವನವನ್ನು ತನ್ನ ಮಾತಿನಲ್ಲೇ ಹೇಳುವಷ್ಟು ಸಮಯ ಉಳಿಸುವುದು ಒಳ್ಳೆಯದು. ಹೀಗೆ ನೆಲೆಗೊಂಡ ಪಾತ್ರಗಳು ಮುಂದಿನ ಕಥೆಗೆ ಆಸ್ತಿಯಾಗುತ್ತವೆ. ಗೈಗ್ಯಾಕ್ಸರ ಮೇಜಿನ ಆ ಟೆನ್ಸರನ ಹೆಸರಿನಲ್ಲಿಯೇ, 500 ಪೌಂಡು ಭಾರವನ್ನು ಹೊತ್ತು ಹಿಂದೆ ಹಿಂದೆ ತೇಲಿಬರುವ ತಟ್ಟೆಯ ಮಂತ್ರವೊಂದು ಇಂದಿನ ಪುಸ್ತಕದಲ್ಲಿದೆ, ಮತ್ತು ಅದು ಮೊದಲ ಲೆವೆಲಿನ ಮಾಂತ್ರಿಕನೇ ಕಲಿಯಬಹುದಾದದ್ದು. ಹೊಸ ಕ್ಯಾಂಪೇನನ್ನು ಅದೇ ನಾಡಿನಲ್ಲಿ ಐವತ್ತು ವರ್ಷಗಳ ಅನಂತರದ ಕಾಲದಲ್ಲಿ ಆರಂಭಿಸುವ ಸೂತ್ರಧಾರನು, ಅಲ್ಲಿಯ ತೆರಿಗೆ ಎಷ್ಟು, ಯಾವ ದೇವಾಲಯಕ್ಕೆ ಬಾಗಿಲು ಹಾಕಿದೆ, ಸೇತುವೆಯ ಸುಂಕ ಯಾರಿಗೆ ಸೇರುವುದು ಎಂಬುದನ್ನು ತಾನೇ ಕಲ್ಪಿಸಬೇಕಾಗಿಲ್ಲ. ಹಿಂದಿನ ಕಥೆಯಲ್ಲಿ ಆ ನಾಡನ್ನು ಗೆದ್ದು ಆಳಿದ ಆಟಗಾರರನ್ನೇ ಕೇಳಿ ಬರೆದುಕೊಂಡರೆ ಸಾಕು.